ಪೋಲೆಂಡಿನ ಸಾಲಿಡಾರಿಟಿ: ನೆನೆಯಬೇಕಾದ್ದು ಯಾರನ್ನ, ಯಾವ ದಿನವನ್ನ?

ತುಂಗಾತೀರ:

ಪೋಲೆಂಡಿನಲ್ಲಿ ಆಗಸ್ಟ್ 31 ಸಾಲಿಡಾರಿಟಿ ಮತ್ತು ಸ್ವಾತಂತ್ರ್ಯದ ದಿನ. ಸಾಲಿಡಾರಿಟಿ ಅಂದರೆ ಕಮ್ಯುನಿಸ್ಟ್ ಆಳ್ವಿಕೆಯ ಪೋಲೆಂಡಿನಲ್ಲಿ ಒಂದು ಮುಷ್ಕರದಿಂದ ಹುಟ್ಟಿದ, ಸರ್ಕಾರದ ಹಿಡಿತದಲ್ಲಿಲ್ಲದ ಕಾರ್ಮಿಕ ಯೂನಿಯನ್. 1980ರಲ್ಲಿ ಅವತ್ತು ಗ್ಡಾನ್ಸ್ಕ್ ನಗರದ ಲೆನಿನ್ ಶಿಪ್‌ಯಾರ್ಡ್‌ನೊಳಗೆ ಸರ್ಕಾರದ ಉಪಪ್ರಧಾನಿ ಬಂದು, ಮುಷ್ಕರ ಹೂಡಿದವರ ಎದುರು ಕೂತು ಒಪ್ಪಂದಕ್ಕೆ ಸಹಿ ಹಾಕಿದರು. ನಮ್ಮಲ್ಲಿ ಈ ವಿಷಯ ಬಂದಾಗೆಲ್ಲ ಅದೇ ಕಥೆ: ಗಿರಿಜಾ ಮೀಸೆಯ ಎಲೆಕ್ಟ್ರಿಷಿಯನ್ ಲೆಕ್ ವಾಲೆಸಾ ಗೋಡೆ ಹಾರಿ ಒಳಗೆ ಬಂದ, ಗೆದ್ದ, ನೊಬೆಲ್ ಪಡೆದ, ರಾಷ್ಟ್ರಾಧ್ಯಕ್ಷನಾದ. ಸುಳ್ಳೇನಲ್ಲ. ಆದರೆ ನನ್ನನ್ನು ಕೇಳಿದರೆ ಆ ಚಳವಳಿಗೆ ಕೈಮುಗಿಯಬೇಕಾದ ದಿನ 31 ಅಲ್ಲ, 16.

ಮುಷ್ಕರ ಶುರುವಾದದ್ದು ಆಗಸ್ಟ್ 14ರಂದು. ಕಾರಣ ಒಬ್ಬ ಹೆಂಗಸು. ಅನ್ನಾ ವಾಲೆಂಟಿನೋವಿಚ್ 1950ರಲ್ಲಿ ವೆಲ್ಡರ್ ಆಗಿ ಅಲ್ಲಿ ಸೇರಿದವರು, ಆಮೇಲೆ ಕ್ರೇನ್ ಆಪರೇಟರ್. ಸರ್ಕಾರದ ಹಿಡಿತದಲ್ಲಿಲ್ಲದ ಯೂನಿಯನ್ ಕಟ್ಟಲು ಓಡಾಡುತ್ತಿದ್ದರು ಅನ್ನುವ ಸಿಟ್ಟಿಗೆ, ನಿವೃತ್ತಿಗೆ ಐದು ತಿಂಗಳಿದೆ ಅನ್ನುವಾಗ ಆಕೆಯನ್ನು ವಜಾ ಮಾಡಿದರು. ಮೂವರು ಹುಡುಗರು ಬೆಳಗಿನ ಶಿಫ್ಟಿಗೆ ಭಿತ್ತಿಪತ್ರ ಹಿಡಿದು ಕೆಲಸ ನಿಲ್ಲಿಸಿದರು. ಹಿಂದೆ ನಿಂತು ಇದನ್ನೆಲ್ಲ ಹೊಂದಿಸಿದವರು ಬೊಗ್ದಾನ್ ಬೊರುಸೆವಿಚ್. "ಮೊದಲು ಅನ್ನಾ ಅವರನ್ನು ಕರೆತನ್ನಿ, ಆಮೇಲೆ ಮಾತು" ಅಂತ ಕೂತರು. ಕೊನೆಗೆ ನಿರ್ದೇಶಕರ ಕಾರೇ ಹೋಗಿ ಆಕೆಯನ್ನು ಕರೆತಂದಿತು.

16ರಂದು ಆಡಳಿತ ಮಂಡಳಿ ಸಂಬಳ ಏರಿಸಲು ಒಪ್ಪಿತು. ಅನ್ನಾಗೂ, 1976ರಲ್ಲಿ ಕೆಲಸ ಕಳೆದುಕೊಂಡಿದ್ದ ವಾಲೆಸಾಗೂ ಕೆಲಸ ವಾಪಸ್. ವಾಲೆಸಾ ಮುಷ್ಕರ ಮುಗೀತು ಅಂದುಬಿಟ್ಟರು. ಜನ ಚೀಲ ತಗೊಂಡು ಗೇಟಿನ ಕಡೆ ಹೊರಟರು. ಇವರನ್ನು ನಂಬಿ ಕೆಲಸ ನಿಲ್ಲಿಸಿದ್ದ ಬೇರೆ ಕಾರ್ಖಾನೆಗಳವರು, ಬಸ್ಸು ಟ್ರಾಮಿನವರು ನಡುನೀರಿನಲ್ಲಿ ಉಳಿದರು. ದೊಡ್ಡ ಶಿಪ್‌ಯಾರ್ಡ್ ಕೈಬಿಟ್ಟರೆ ನಾವು ಬಸ್ಸಿಟ್ಟುಕೊಂಡು ಟ್ಯಾಂಕಿನ ಮುಂದೆ ನಿಲ್ಲೋದು ಹೇಗೆ ಅಂತ ಟ್ರಾಮ್ ಚಾಲಕಿ ಹೆನ್ರಿಕಾ ಕ್ಶಿವೊನೊಸ್ ಅಲ್ಲೇ ಕೂಗಾಡಿದರು. ನರ್ಸ್ ಅಲಿನಾ ಪಿಯೆಂಕೋವ್ಸ್ಕಾ, ಅನ್ನಾ ಮತ್ತಿತರರು ಗೇಟುಗಳಿಗೆ ಓಡಿ, ಹೊರಡುತ್ತಿದ್ದವರನ್ನು ತಡೆದರು. ಮೈಕ್ ಆಡಳಿತದ ಕೈಲಿತ್ತು, ಬರೀ ಗಂಟಲಿನಲ್ಲೇ ಕೂಗಬೇಕಿತ್ತು. ಬಹಳ ಮಂದಿ ಮನೆಗೆ ಹೋದರು, ಒಂದಷ್ಟು ಮಂದಿ ಉಳಿದರು. ವಾಲೆಸಾ ಕೂಡ ಆ ಕ್ಷಣವೇ ತಿರುಗಿ ಇವರ ಜೊತೆ ನಿಂತರು, ಅದು ಅವರ ದೊಡ್ಡತನ.

ತಮ್ಮ ಸಂಬಳ ಕೈಗೆ ಬಂದ ಮೇಲೂ ಪಕ್ಕದ ಕಾರ್ಖಾನೆಯವನಿಗೋಸ್ಕರ ಕೂತದ್ದು ಆ ರಾತ್ರಿ. ಅದೇ ರಾತ್ರಿ ಎಲ್ಲ ಕಾರ್ಖಾನೆಗಳ ಜಂಟಿ ಮುಷ್ಕರ ಸಮಿತಿ ಹುಟ್ಟಿತು. ಬೇರೆಯವರು ಏನಂತೀರಿ?

ನಿವೃತ್ತ ಫಿಟ್ಟರ್:

ತುಂಗಾತೀರ ಅವರೆ, ಹದಿನಾರರ ಬಗ್ಗೆ ಬರೆದಿದ್ದು ಓದಿ ಖುಷಿಯಾಯ್ತು. ಯೂನಿಯನ್ ಆಫೀಸಿನಲ್ಲಿ ಅರ್ಧ ಆಯುಷ್ಯ ಕಳೆದವನಾಗಿ ಒಂದು ಮಾತು ಸೇರಿಸುತ್ತೇನೆ. ಎಲ್ಲ ಮುಷ್ಕರದಲ್ಲೂ ಇಂಥ ಒಂದು ಸಂಜೆ ಬರುತ್ತೆ. ಮ್ಯಾನೇಜ್‌ಮೆಂಟಿನವರು ಬೇಡಿಕೆಯಲ್ಲಿ ಮುಕ್ಕಾಲು ಕೊಟ್ಟು, ಗೇಟ್ ತೆರೆದಿಡುತ್ತಾರೆ. ಲೀಡರ್ ಕೆಟ್ಟವನೇ ಆಗಬೇಕಿಲ್ಲ, ಅವನಿಗೂ ಸುಸ್ತಾಗಿರುತ್ತೆ. ಅಲ್ಲಿ ಮುರಿಯದೆ ಉಳಿದವು ಕಡಿಮೆ.

ನನಗೆ ಇನ್ನೂ ದೊಡ್ಡದು ಅನ್ನಿಸೋದು ಲೌಡ್‌ಸ್ಪೀಕರ್. ಉಪಪ್ರಧಾನಿ ಯಾಗಿಯೆಲ್ಸ್ಕಿ ಸಂಧಾನಕ್ಕೆ ಬಂದಾಗ, ಒಳಗಿನ ಮಾತೆಲ್ಲ ಶಿಪ್‌ಯಾರ್ಡಿನ ಉದ್ದಗಲಕ್ಕೂ ಕೇಳುವ ಹಾಗೆ ಮೈಕ್ ಹಾಕಿಸಿದ್ದರು. ಸಾವಿರಾರು ಜನ ಹುಲ್ಲಿನ ಮೇಲೆ ಮಲಗಿಕೊಂಡು, ಗೋಡೆ ಮೇಲೆ ಕೂತು, ಮಂತ್ರಿ ಏನು ಹೇಳಿದ, ನಮ್ಮವರು ಏನು ಉತ್ತರ ಕೊಟ್ಟರು ಅಂತ ಕಿವಿಯಾರೆ ಕೇಳಿದರು. ಬಾಗಿಲು ಹಾಕಿಕೊಂಡು ಮಾತಾಡಿ, ಹೊರಗೆ ಬಂದು "ಗೆದ್ದೆವು" ಅನ್ನೋ ಆಟಕ್ಕೆ ಜಾಗವೇ ಇಲ್ಲ. ಪ್ರಜಾಪ್ರಭುತ್ವ ಆಮೇಲೆ 1989ರಲ್ಲಿ ಬಂತು ಅಂತಾರೆ. ನನ್ನ ಪ್ರಕಾರ ಆ ಮೈಕಿನಲ್ಲೇ ಬಂದಿತ್ತು.

ಅದೇ ವರ್ಷದ ಡಿಸೆಂಬರ್ ಕೊನೆಗೆ ನಮ್ಮ ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಗಳೂ ಒಟ್ಟಾಗಿ ಮುಷ್ಕರಕ್ಕೆ ಇಳಿದು ಮಾರ್ಚ್‌ವರೆಗೂ ನಡೆಸಿದ್ದು ಹಳಬರಿಗೆ ನೆನಪಿರಬೇಕು. ಎರಡಕ್ಕೂ ಸಂಬಂಧ ಕಲ್ಪಿಸೋಕೆ ಹೋಗಲ್ಲ. ಆದರೆ ಪೋಲೆಂಡಿನ ಸುದ್ದಿ ಬಂದಾಗ ನಮ್ಮ ಕೆಲವು ಲೀಡರುಗಳು ತುಟಿ ಬಿಚ್ಚುತ್ತಿರಲಿಲ್ಲ. ಗೋಡೆ ಮೇಲೆ ಲೆನಿನ್ ಫೋಟೊ, ಪೇಪರಿನಲ್ಲಿ ಲೆನಿನ್ ಹೆಸರಿನ ಕಾರ್ಖಾನೆಯ ಮುಷ್ಕರ. ಪಾಪ, ಏನು ಹೇಳಿಯಾರು.

ಧಾರವಾಡ ಹುಡುಗ:

ಒಂದು ಸಾದಾ ಪ್ರಶ್ನೆ ಕೇಳ್ತೀನ್ರಿ, ನಗಬ್ಯಾಡ್ರಿ. ಅಲ್ಲಿ ಇದ್ದದ್ದು ಕಾರ್ಮಿಕರ ಸರ್ಕಾರ ಅಂತನ ಹೇಳ್ಕೊತಿದ್ರಲ್ಲ. ತಮ್ಮ ಸರ್ಕಾರದ ಮ್ಯಾಲೆ ತಾವ ಹರತಾಳ ಮಾಡೋದಂದ್ರ ಹೆಂಗ? ಆಮ್ಯಾಲೆ ಯೂನಿಯನ್ ಮೊದಲ ಇರಲಿಲ್ಲೇನು?

ತುಂಗಾತೀರ:

ನಗೋದೇನಿಲ್ಲ ತಮ್ಮಾ, ಇಡೀ ವಿಷಯದ ಕೀಲಿ ಅದೇ. ಯೂನಿಯನ್ ಇತ್ತು, ಆದರೆ ಆಳುವ ಕಮ್ಯುನಿಸ್ಟ್ ಪಕ್ಷದ್ದು. ಕಾರ್ಖಾನೆಯ ಮಾಲೀಕ, ಪೊಲೀಸ್, ಪತ್ರಿಕೆ, ಯೂನಿಯನ್ ನಾಲ್ಕೂ ಒಬ್ಬನೇ ಆದರೆ ದೂರು ಯಾರಿಗೆ ಕೊಡೋದು?

ಹಿನ್ನೆಲೆ ಸ್ವಲ್ಪ ಹೇಳಬೇಕು. 1970ರ ಡಿಸೆಂಬರ್‌ನಲ್ಲಿ, ಕ್ರಿಸ್ಮಸ್‌ಗೆ ಎರಡು ವಾರ ಇರುವಾಗ ಸರ್ಕಾರ ಊಟದ ಸಾಮಾನಿನ ಬೆಲೆ ಏರಿಸಿತು. ಗ್ಡಾನ್ಸ್ಕ್, ಗ್ಡೀನಿಯಾ, ಷ್ಚೆಚಿನ್ ಊರುಗಳ ಕಾರ್ಮಿಕರು ಬೀದಿಗೆ ಬಂದರು. ಸೈನ್ಯ ಗುಂಡು ಹಾರಿಸಿತು. ಗ್ಡೀನಿಯಾದಲ್ಲಂತೂ 17ನೇ ತಾರೀಖು ಬೆಳಿಗ್ಗೆ ಕೆಲಸಕ್ಕೆ ಬರುತ್ತಿದ್ದವರ ಮೇಲೆ ಹಾರಿಸಿದರು. ಸರ್ಕಾರದ ಲೆಕ್ಕದಲ್ಲೇ 40ಕ್ಕೂ ಹೆಚ್ಚು ಮಂದಿ ಸತ್ತರು. 1976ರಲ್ಲಿ ರಾಡೊಮ್, ಉರ್ಸುಸ್‌ಗಳಲ್ಲಿ ಮತ್ತೆ ಬೆಲೆ ಏರಿಕೆ, ಮತ್ತೆ ಲಾಠಿ. ಆಗ ಜೈಲಿಗೆ ಹೋದ ಕಾರ್ಮಿಕರ ಮನೆಯವರಿಗೆ ಹಣ, ವಕೀಲರನ್ನು ಹೊಂದಿಸಲು ಯಾತ್ಸೆಕ್ ಕುರೊನ್ ಮತ್ತಿತರರು ಕಾರ್ಮಿಕ ರಕ್ಷಣಾ ಸಮಿತಿ ಕಟ್ಟಿದರು. ಓದಿದವರಿಗೂ ದುಡಿಯುವವರಿಗೂ ಗಂಟು ಬಿದ್ದದ್ದು ಅಲ್ಲಿ. 1979ರಲ್ಲಿ ಪೋಲೆಂಡಿನವರೇ ಆದ ಪೋಪ್ ಎರಡನೇ ಜಾನ್ ಪಾಲ್ ಊರಿಗೆ ಬಂದಾಗ ಲಕ್ಷಗಟ್ಟಲೆ ಜನ ಸೇರಿ, "ಅಯ್ಯೋ ನಾವು ಇಷ್ಟೊಂದು ಜನ ಇದ್ದೀವಾ" ಅಂತ ತಮಗೆ ತಾವೇ ಕಂಡುಕೊಂಡರು.

ಹಾಗಾಗಿ 1980ರಲ್ಲಿ ಯಾರೂ ಬೀದಿಗೆ ಇಳಿಯಲಿಲ್ಲ. ಗೇಟ್ ಹಾಕಿಕೊಂಡು ಒಳಗೇ ಕೂತರು. ಹೆಂಡ ಪೂರ್ತಿ ನಿಷೇಧ. ಒಬ್ಬ ಕುಡಿದು ಕಲ್ಲು ಎಸೆದರೆ ಸಾಕು, ಗುಂಡು ಹಾರಿಸೋಕೆ ನೆಪ ಸಿಗುತ್ತೆ ಅನ್ನೋದು ಹತ್ತು ವರ್ಷದ ಹಿಂದೆ ಕಲಿತ ಪಾಠ. ಊಟ ಊರಿನವರು ಗೇಟಿನ ಸರಳಿನ ಸಂದಿಯಲ್ಲಿ ಕೊಟ್ಟು ಹೋಗುತ್ತಿದ್ದರು.

ಬಾಲ್ಟಿಕ್ ಕನ್ನಡಿಗ:

ನಾನು ಕೆಲಸದ ಮೇಲೆ ಗ್ಡಾನ್ಸ್ಕ್‌ನಲ್ಲೇ ಇದ್ದೀನಿ, ಸಾಫ್ಟ್‌ವೇರ್. ಆ ಎರಡನೇ ನಂಬರ್ ಗೇಟ್ ಇವತ್ತಿಗೂ ಹಾಗೇ ಇದೆ. ನೀಲಿ ಗೇಟು, ಸರಳಿನ ಮೇಲೆ ಹೂವು, ಬಿಳಿ ಕೆಂಪು ರಿಬ್ಬನ್ನು, ಪೋಪ್ ಫೋಟೊ. ಪಕ್ಕದಲ್ಲೇ ತುಕ್ಕು ಹಿಡಿದ ಹಾಗೆ ಕಾಣೋ ಉಕ್ಕಿನ ದೊಡ್ಡ ಕಟ್ಟಡ, 2014ರಲ್ಲಿ ತೆರೆದ ಯುರೋಪಿಯನ್ ಸಾಲಿಡಾರಿಟಿ ಸೆಂಟರ್. ನೋಡಿದ ತಕ್ಷಣ ಹಡಗಿನ ಹೊಟ್ಟೆ ನೆನಪಾಗುತ್ತೆ.

ಒಳಗೆ ಎಲ್ಲಕ್ಕಿಂತ ಮುಖ್ಯವಾದದ್ದು ಎರಡು ಮರದ ಹಲಗೆ. 21 ಬೇಡಿಕೆಗಳನ್ನ ಕೈಯಲ್ಲಿ ಬಣ್ಣದಲ್ಲಿ ಬರೆದು ಗೇಟಿಗೆ ನೇತುಹಾಕಿದ್ದು. 2003ರಲ್ಲಿ ಯುನೆಸ್ಕೊ ಇವನ್ನ ಜಗತ್ತಿನ ಸ್ಮೃತಿ ಪಟ್ಟಿಗೆ ಸೇರಿಸಿತು. 1981ರ ಕೊನೆಗೆ ಸೈನಿಕ ಆಡಳಿತ ಬಂದಾಗ ಯಾರೋ ಪುಣ್ಯಾತ್ಮರು ಬಚ್ಚಿಟ್ಟು ಉಳಿಸಿದ್ದಾರೆ. ಪಠ್ಯಪುಸ್ತಕದಲ್ಲಿ ಓದುವಾಗ ಸ್ವಾತಂತ್ರ್ಯ, ಹಕ್ಕು ಅಂತೆಲ್ಲ ಇರುತ್ತೆ ಅಂದುಕೊಂಡಿರ್ತೀವಿ. ಮೊದಲ ಮೂರು ಹಾಗೇ ಇವೆ: ಪಕ್ಷದಿಂದಲೂ ಮಾಲೀಕರಿಂದಲೂ ಬೇರೆಯಾದ ಸ್ವತಂತ್ರ ಯೂನಿಯನ್, ಮುಷ್ಕರದ ಹಕ್ಕು, ಮಾತಿನ ಮತ್ತು ಮುದ್ರಣದ ಸ್ವಾತಂತ್ರ್ಯ. ಕೆಳಗೆ ಬರ್ತಾ ಬರ್ತಾ ಮಾಂಸಕ್ಕೆ ರೇಷನ್ ಕೂಪನ್, ಶಿಶುವಿಹಾರದಲ್ಲಿ ಸೀಟು, ಹೆರಿಗೆ ಆದವರಿಗೆ ಮೂರು ವರ್ಷ ಸಂಬಳ ಸಹಿತ ರಜೆ. ಕೊನೇದು, 21ನೇದು, ಶನಿವಾರ ರಜೆ ಬೇಕು ಅಂತ. ನನಗೆ ಆ ಕೊನೇದರ ಮುಂದೆ ನಿಂತಾಗ ನಗುನೂ ಬಂತು, ಗೌರವನೂ ಬಂತು.

ಗೇಟಿನ ಹೊರಗೆ ಮೂರು ಶಿಲುಬೆಯ ಸ್ಮಾರಕ ಇದೆ, 42 ಮೀಟರ್ ಎತ್ತರ, ಮೇಲೆ ಲಂಗರು ತೂಗುಹಾಕಿದ್ದಾರೆ. 1970ರಲ್ಲಿ ಸತ್ತವರಿಗೆ. ಅದನ್ನ ಕಟ್ಟೋಕೆ ಬಿಡಬೇಕು ಅನ್ನೋದೂ ಮುಷ್ಕರದ ಬೇಡಿಕೆ ಆಗಿತ್ತು. ಶಿಪ್‌ಯಾರ್ಡಿನವರೇ ತಾವೇ ವೆಲ್ಡ್ ಮಾಡಿ 1980ರ ಡಿಸೆಂಬರ್ 16ಕ್ಕೆ ನಿಲ್ಲಿಸಿಬಿಟ್ಟರು. ಕೊಂದ ಸರ್ಕಾರ ಇನ್ನೂ ಕುರ್ಚಿಯಲ್ಲಿ ಇರುವಾಗಲೇ!

ಕೆಂಪುಮಣ್ಣು:

ಎಲ್ಲರೂ ಭಜನೆ ಮಾಡ್ತಾ ಇದ್ದೀರಿ, ಒಂದು ಅಪಸ್ವರವೂ ಇರಲಿ. ಪೋಪ್, ರೇಗನ್, ಸಿಐಎ ಹಣ, ಇವೆಲ್ಲ ಎಲ್ಲಿ ಹೋದವು? ಇನ್ನೊಂದು, ಗೆದ್ದ ಮೇಲೆ ಏನಾಯ್ತು? 1990ರ ಜನವರಿ 1ರಿಂದ ಹಣಕಾಸು ಮಂತ್ರಿ ಬಾಲ್ಸೆರೋವಿಚ್ ಯೋಜನೆ. ಸಬ್ಸಿಡಿ ಕಿತ್ತರು, ಕಾರ್ಖಾನೆಗಳು ಮುಚ್ಚಿದವು, 1993ರ ಹೊತ್ತಿಗೆ ನೂರಕ್ಕೆ 16 ಜನ ನಿರುದ್ಯೋಗಿಗಳು. ನೀವು ಕೈಮುಗಿಯುತ್ತಿರುವ ಆ ಶಿಪ್‌ಯಾರ್ಡ್ 1996ರಲ್ಲಿ ದಿವಾಳಿ. ಅದೂ ಸಾಲಿಡಾರಿಟಿಯಿಂದ ಬಂದ ಮಂತ್ರಿಗಳು ಹಾಕಿಕೊಟ್ಟ ದಾರಿಯಲ್ಲಿ. ಕಾರ್ಮಿಕರ ಹೆಗಲ ಮೇಲೆ ಹತ್ತಿ ಬಂದವರು ಕಾರ್ಮಿಕರನ್ನೇ ಕೆಳಗೆ ಇಳಿಸಿದರು. ಇದನ್ನು ಗೌರವಿಸೋದು ಹೇಗೆ ಅಂತ ಹೇಳಿ.

ತುಂಗಾತೀರ:

ಹಣದ ಮಾತು ಮೊದಲು. ಅಮೆರಿಕದ ಕಾರ್ಮಿಕ ಒಕ್ಕೂಟ ಬಹಿರಂಗವಾಗಿಯೇ ನೆರವು ಕಳಿಸಿತು. ಸಿಐಎ ಕೈಹಾಕಿದ್ದು ಸೈನಿಕ ಆಡಳಿತ ಬಂದ ಮೇಲೆ, ಭೂಗತ ಮುದ್ರಣಕ್ಕೆ. ಆದರೆ ಅಷ್ಟು ಹೊತ್ತಿಗೆ ಮೂರೂವರೆ ಕೋಟಿ ಜನರ ದೇಶದಲ್ಲಿ ಸುಮಾರು ಒಂದು ಕೋಟಿ ಜನ ಸದಸ್ಯರಾಗಿಬಿಟ್ಟಿದ್ದರು. ಮುಷ್ಕರದ ಮೊದಲ ಕಿಡಿ ಹೊತ್ತಿದ್ದರಲ್ಲಿ ಒಂದು, ಜುಲೈನಲ್ಲಿ, ಶ್ವಿದ್ನಿಕ್ ಊರಿನ ಹೆಲಿಕಾಪ್ಟರ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕಟ್ಲೆಟ್ ಬೆಲೆ ಏರಿದ್ದಕ್ಕೆ. ಕಟ್ಲೆಟ್ ಬೆಲೆ ಏರಿಸಿದ್ದು ರೇಗನ್ ಅಲ್ಲ ಮಾರಾಯ್ರೆ. ಆಗ ಅವರಿನ್ನೂ ಅಧ್ಯಕ್ಷರೇ ಆಗಿರಲಿಲ್ಲ.

ಎರಡನೇ ಮಾತಿಗೆ ನನ್ನ ಬಳಿ ಸುಲಭದ ಉತ್ತರ ಇಲ್ಲ. ನೀವು ಹೇಳಿದ ಅಂಕಿ ಸರಿ.

ನಿವೃತ್ತ ಫಿಟ್ಟರ್:

ಕೆಂಪುಮಣ್ಣು ಅವರ ಸಿಟ್ಟು ನನಗೆ ಅರ್ಥವಾಗುತ್ತೆ. ಅನ್ನಾ ವಾಲೆಂಟಿನೋವಿಚ್ ಅವರೇ ಆಮೇಲೆ ಇದೇ ಸಿಟ್ಟಿನಲ್ಲಿದ್ದರು, ವಾಲೆಸಾ ಜೊತೆ ಮಾತು ಬಿಟ್ಟಂತೆಯೇ. ಹೊಸ ವ್ಯವಸ್ಥೆ ಕಾರ್ಮಿಕರಿಗೆ ದ್ರೋಹ ಅನ್ನುತ್ತಿದ್ದರು. 2010ರಲ್ಲಿ ಸ್ಮೊಲೆನ್ಸ್ಕ್ ವಿಮಾನ ದುರಂತದಲ್ಲಿ ರಾಷ್ಟ್ರಾಧ್ಯಕ್ಷರ ಜೊತೆ ತೀರಿಕೊಂಡರು.

ಆದರೆ ಸರ್, ಒಂದು ಲೆಕ್ಕ ಬೇರೆ ಇಡಿ. ಮುಷ್ಕರದಲ್ಲಿ ಕೇಳಿದ್ದು ಶಿಪ್‌ಯಾರ್ಡ್ ಮಾರಿ ಅಂತಲ್ಲ. 21ರಲ್ಲಿ ಖಾಸಗೀಕರಣದ ಒಂದು ಸಾಲಾದರೂ ಇದೆಯೇ? 1981ರಲ್ಲಿ ಅವರ ಮೊದಲ ಸಮಾವೇಶ ಕೇಳಿದ್ದು ಕಾರ್ಖಾನೆಯನ್ನು ಕೆಲಸಗಾರರೇ ನಡೆಸುವ ಸ್ವಯಮಾಡಳಿತ. ಆಮೇಲೆ ಬಂದವರು ಬೇರೆ ಪುಸ್ತಕ ಓದಿ ಬಂದರು. ಅಪ್ಪ ಕಟ್ಟಿಸಿದ ಮನೆ ಮಗ ಮಾರಿದ ಅಂತ ಅಪ್ಪನಿಗೆ ಎಡೆ ಇಡೋದು ಬಿಡ್ತೀವಾ?

ಶಾರದಾ ಟೀಚರ್:

ಫಿಟ್ಟರ್ ಸರ್ ಚೆನ್ನಾಗಿ ಹೇಳಿದಿರಿ. ಆದರೆ ಅಪ್ಪನ ಮನೆ ಅಂತೀರಲ್ಲ, ಅಮ್ಮ ಎಲ್ಲಿ ಹೋದಳು? ಮೊದಲ ಪೋಸ್ಟ್‌ನಲ್ಲಿ ತುಂಗಾತೀರ ಹೆಸರಿಸಿದ ಹೆಂಗಸರು 1989ರಲ್ಲಿ ಸರ್ಕಾರದ ಜೊತೆ ನಡೆದ ದುಂಡು ಮೇಜಿನ ಮಾತುಕತೆಯಲ್ಲಿ ಎಲ್ಲಿದ್ದರು ನೋಡಿ. ಆ ದೊಡ್ಡ ಮೇಜಿನ ಸುತ್ತ ಬೆರಳೆಣಿಕೆಯಷ್ಟೂ ಹೆಂಗಸರಿಲ್ಲ. ಗೇಟಿನಲ್ಲಿ ಗಂಟಲು ಹರಿದುಕೊಳ್ಳೋಕೆ ಬೇಕು, ಕುರ್ಚಿ ಹಾಕುವಾಗ ಬೇಡ. 1993ರಲ್ಲಿ ಗರ್ಭಪಾತಕ್ಕೆ ಬಿಗಿಯಾದ ಕಾನೂನು ಬಂದಾಗ ಯೂನಿಯನ್ನಿನ ಎಷ್ಟೋ ಹೆಂಗಸರಿಗೆ ಇದಕ್ಕೋಸ್ಕರವಾ ನಾವು ಹೊರಟದ್ದು ಅನ್ನಿಸಿತು.

ನಡುವಿನ ಏಳು ವರ್ಷವನ್ನೂ ಯಾರೂ ಬರೆಯಲಿಲ್ಲ. 1981ರ ಡಿಸೆಂಬರ್ 13, ಭಾನುವಾರ. ಜನ ಎದ್ದು ನೋಡಿದರೆ ಫೋನ್ ಸತ್ತಿದೆ, ಬೀದಿಯಲ್ಲಿ ಟ್ಯಾಂಕು, ಟಿವಿಯಲ್ಲಿ ಕಪ್ಪು ಕನ್ನಡಕದ ಜನರಲ್ ಯಾರುಜೆಲ್ಸ್ಕಿ. ಸಾವಿರಾರು ಕಾರ್ಯಕರ್ತರನ್ನು ರಾತ್ರೋರಾತ್ರಿ ಹಿಡಿದೊಯ್ದಿದ್ದರು. 16ರಂದು ವುಯೆಕ್ ಕಲ್ಲಿದ್ದಲ ಗಣಿಯಲ್ಲಿ ಮುಷ್ಕರ ಮುರಿಯಲು ಗುಂಡು ಹಾರಿಸಿ ಒಂಬತ್ತು ಜನರನ್ನು ಕೊಂದರು. ಮುಖಂಡ ಗಂಡಸರೆಲ್ಲ ಜೈಲಿನಲ್ಲಿ. ಆಗ ಭೂಗತ ವಾರಪತ್ರಿಕೆ ನಡೆಸಿದ್ದು ವಾರ್ಸಾದಲ್ಲಿ ಹೆಲೆನಾ ವುಚಿವೊ ಮತ್ತು ಅವರ ಗೆಳತಿಯರ ಗುಂಪು. ಪೊಲೀಸರು ಗಂಡಸರನ್ನು ಹುಡುಕುತ್ತಿದ್ದರು, ಹೆಂಗಸರು ಪತ್ರಿಕೆ ಮಾಡಬಹುದು ಅಂತ ಹೊಳೆಯಲೇ ಇಲ್ಲ. 1983ರ ನೊಬೆಲ್ ಪಡೆಯಲು ಓಸ್ಲೋಗೆ ಹೋದದ್ದೂ ಡನೂಟಾ ವಾಲೆಸಾ, ಗಂಡ ಹೊರಟರೆ ವಾಪಸ್ ಬಿಟ್ಟುಕೊಳ್ಳುವುದಿಲ್ಲ ಅನ್ನುವ ಭಯಕ್ಕೆ.

ಮೇಲೆ ಶ್ವಿದ್ನಿಕ್ ಕಟ್ಲೆಟ್ ಬಂತಲ್ಲ, ಅದೇ ಊರಿನದು ಇನ್ನೊಂದು. 1982ರ ಫೆಬ್ರವರಿಯಲ್ಲಿ ಸಂಜೆ 7.30ಕ್ಕೆ ಸರ್ಕಾರಿ ವಾರ್ತೆ ಶುರುವಾದ ಕೂಡಲೇ ಇಡೀ ಊರು ಮನೆಯಿಂದ ಹೊರಬಿದ್ದು ವಾಕಿಂಗ್ ಹೊರಡುತ್ತಿತ್ತು. ಕೆಲವರು ಟಿವಿಯನ್ನೇ ಕಿಟಕಿಯಲ್ಲಿ ಬೀದಿಗೆ ಮುಖ ಮಾಡಿ ಇಟ್ಟರು. ಸರ್ಕಾರ ಕರ್ಫ್ಯೂವನ್ನು ಆ ವಾರ್ತೆಗೂ ಮುಂಚೆಯೇ ಶುರುಮಾಡಿತು. ಜನ ಸಂಜೆ ಐದರ ವಾರ್ತೆಗೆ ಹೊರಟರು! ಮಕ್ಕಳನ್ನು ಕಟ್ಟಿಕೊಂಡು ವಾಕಿಂಗ್ ಹೋಗೋದಕ್ಕೆ ಯಾವ ಸೆಕ್ಷನ್ ಹಾಕ್ತೀರಿ?

ವ್ರೊಕ್ಲಾ ಸ್ಟೂಡೆಂಟ್:

ಟೀಚರ್, ಆ ವಾಕಿಂಗ್ ಕಥೆ ಸೂಪರ್. ನಾನು ಓದ್ತಾ ಇರೋ ವ್ರೊಕ್ಲಾದಲ್ಲೂ ಒಂದಿದೆ. 1981ರ ಡಿಸೆಂಬರ್ 3ಕ್ಕೆ, ಅಂದ್ರೆ ಸೈನಿಕ ಆಡಳಿತಕ್ಕೆ ಹತ್ತು ದಿನ ಮುಂಚೆ, ಇಲ್ಲಿನ ಯೂನಿಯನ್ ಹುಡುಗರು ವಾಸನೆ ಹಿಡಿದು ಬ್ಯಾಂಕಿಗೆ ಹೋಗಿ ಯೂನಿಯನ್ ಖಾತೆಯಲ್ಲಿದ್ದ 8 ಕೋಟಿ ಜ್ವಾಟಿ ನಗದು ಡ್ರಾ ಮಾಡ್ಕೊಂಡು, ಆರ್ಚ್‌ಬಿಷಪ್ ಮನೆಯಲ್ಲಿ ಬಚ್ಚಿಟ್ಟರು. ಖಾತೆಗಳು ಆಮೇಲೆ ಮುಟ್ಟುಗೋಲಾದವು, ಈ ದುಡ್ಡು ಮಾತ್ರ ಭೂಗತ ಕೆಲಸಕ್ಕೆ ಸಿಕ್ತು. ಸಿಐಎ ಅನ್ನೋರಿಗೆ ಇದನ್ನ ಹೇಳಿ, ಅದು ಸದಸ್ಯರ ಚಂದಾ ಹಣ.

ಊರ ತುಂಬ ಇರೋ ಪುಟಾಣಿ ಕಂಚಿನ ಕುಳ್ಳರ ಜೊತೆ ಟೂರಿಸ್ಟ್‌ಗಳು ಸೆಲ್ಫಿ ತಗೋತಾರೆ. ಅದರ ಮೂಲವೂ ಇದೇ ಕಾಲದ್ದು. ಗೋಡೆ ಮೇಲಿನ ಘೋಷಣೆಗೆ ಪೊಲೀಸರು ಸುಣ್ಣ ಬಳಿದ ಜಾಗದಲ್ಲಿ ಕುಳ್ಳರ ಚಿತ್ರ ಬರೆಯುತ್ತಿದ್ದ ಗುಂಪು ಒಂದಿತ್ತು, ಕುಳ್ಳರ ಟೋಪಿ ಹಾಕ್ಕೊಂಡು ಮೆರವಣಿಗೆನೂ ಮಾಡಿದ್ರು. ಮೊದಲ ಕಂಚಿನ ಕುಳ್ಳ ನಿಂತಿದ್ದು 2001ರಲ್ಲಿ ಅವರ ನೆನಪಿಗೇ.

ಕೆಂಪುಮಣ್ಣು:

ಚಂದಾ ಹಣದ ವಿಷಯ ಒಪ್ಪಿದೆ. ಆದರೂ ವಾಲೆಸಾ ಹೆಸರಿನ ಫೈಲ್ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ. 2016ರಲ್ಲಿ ಹಳೇ ಗೃಹಮಂತ್ರಿ ಕಿಶ್ಚಾಕ್ ಮನೆಯಿಂದ ಸಿಕ್ಕ ಕಾಗದಗಳಲ್ಲಿ, 1970ರ ದಶಕದ ಶುರುವಿನಲ್ಲಿ ಆತ ಗುಪ್ತಚರ ಪೊಲೀಸರಿಗೆ ಮಾಹಿತಿ ಕೊಟ್ಟ ದಾಖಲೆ ಇದೆ. ವಿಮಾನ ನಿಲ್ದಾಣಕ್ಕೇ ಆತನ ಹೆಸರಿಟ್ಟಿದ್ದಾರೆ.

ತುಂಗಾತೀರ:

ಇದೆ. 2000ದಲ್ಲಿ ಕೋರ್ಟು ಅವರನ್ನು ನಿರ್ದೋಷಿ ಅಂದಿತ್ತು, ಈ ಕಾಗದದ ಮೇಲಿನ ಕೈಬರಹ ಅವರದೇ ಅಂತ ಆಮೇಲೆ ತಜ್ಞರು ಹೇಳಿದರು, ಅವರು ಈಗಲೂ ಅಲ್ಲಗಳೆಯುತ್ತಾರೆ. ಅದಕ್ಕೇ ನಾನು ಶುರುವಿನಲ್ಲೇ ಒಬ್ಬ ಮನುಷ್ಯನ ಕೊರಳಿಗೆ ಎಲ್ಲ ಹಾರ ಹಾಕಬೇಡಿ ಅಂದದ್ದು. ಶಿಪ್‌ಯಾರ್ಡಿನಲ್ಲಿ ಪೂಜೆ ನಡೆಸಿಕೊಟ್ಟ ಪಾದ್ರಿ ಯಾಂಕೋವ್ಸ್ಕಿ ಅವರ ಪ್ರತಿಮೆಯನ್ನು, ಮಕ್ಕಳ ಮೇಲಿನ ದೌರ್ಜನ್ಯದ ಆರೋಪ ಬಂದ ಮೇಲೆ, 2019ರಲ್ಲಿ ಜನರೇ ಉರುಳಿಸಿದರು. ಸರ್ಕಾರಿ ಗೂಢಚಾರರು 1984ರಲ್ಲಿ ಕೊಂದು ನದಿಗೆ ಎಸೆದ ಪಾದ್ರಿ ಪೊಪಿಯೆವುಷ್ಕೊ ಸಮಾಧಿಗೆ ಇವತ್ತಿಗೂ ಜನ ಹೋಗುತ್ತಾರೆ. ಮನುಷ್ಯರ ಲೆಕ್ಕ ಒಬ್ಬೊಬ್ಬರದು ಒಂದೊಂದು ಥರ. ಹಾಗಂತ 1989ರ ಜೂನ್ ಚುನಾವಣೆಯಲ್ಲಿ ಸಾಲಿಡಾರಿಟಿ ಕೆಳಮನೆಯಲ್ಲಿ ಸ್ಪರ್ಧೆಗೆ ಬಿಟ್ಟ 161 ಸೀಟನ್ನೂ ಸೆನೆಟ್‌ನ 100ರಲ್ಲಿ 99ನ್ನೂ ಗೆದ್ದದ್ದು ಫೈಲಿನಿಂದ ಅಳಿಸಿ ಹೋಗುವುದಿಲ್ಲ. ಅದೇ ವರ್ಷ ಸಾಲಿಡಾರಿಟಿಯ ಮಜೋವಿಯೆಟ್ಸ್ಕಿ ಪ್ರಧಾನಿಯಾದರು. ಸೋವಿಯತ್ ಹಿಡಿತದ ಪೂರ್ವ ಯುರೋಪಿನಲ್ಲಿ ನಾಲ್ಕು ದಶಕದಲ್ಲಿ ಕಮ್ಯುನಿಸ್ಟ್ ಅಲ್ಲದ ಮೊದಲ ಪ್ರಧಾನಿ.

ನಿರ್ವಾಹಕ:

ವಾಲೆಸಾ ಫೈಲಿನ ಬಗ್ಗೆ ಬಂದ ಇನ್ನಷ್ಟು ಪೋಸ್ಟ್‌ಗಳನ್ನು ಬೇರೆ ಎಳೆಗೆ ಸರಿಸಿದ್ದೇನೆ. ಅಲ್ಲಿ ಜಗಳ ಮುಂದುವರಿಸಿ.

ಧಾರವಾಡ ಹುಡುಗ:

ಬಾಲ್ಟಿಕ್ ಅಣ್ಣಾ, ಆ ಯೂನಿಯನ್ ಈಗೂ ಐತೇನು? ಆಗಸ್ಟ್ 31ಕ್ಕ ಎಲ್ಲಾರೂ ಕೂಡಿ ಹಬ್ಬ ಮಾಡ್ತಾರಾ?

ಬಾಲ್ಟಿಕ್ ಕನ್ನಡಿಗ:

ಇದೆ, ಕೇಂದ್ರ ಕಚೇರಿ ಇಲ್ಲೇ. ಸದಸ್ಯರು ಈಗ ಲಕ್ಷಗಳ ಲೆಕ್ಕ, ಕೋಟಿ ಅಲ್ಲ. ಹಬ್ಬ ಮಾತ್ರ ಒಟ್ಟಿಗೆ ಇಲ್ಲ ತಮ್ಮಾ. ಒಪ್ಪಂದಕ್ಕೆ ಸಹಿ ಬಿದ್ದ ಹಾಲ್ ಯೂನಿಯನ್ನಿನ ಕೈಲಿದೆ, ಮ್ಯೂಸಿಯಂ ನಗರಸಭೆ ಕಡೆಯವರದು. ಎರಡು ಪಾರ್ಟಿ, ಎರಡು ಕಾರ್ಯಕ್ರಮ, ಅದೇ ಗೇಟಿಗೆ ಬೇರೆ ಬೇರೆ ಹೊತ್ತಲ್ಲಿ ಹೂವು. ಒಂದೇ ಮುಷ್ಕರದಲ್ಲಿದ್ದ ಮುದುಕರು ಒಬ್ಬರ ಮುಖ ಒಬ್ಬರು ನೋಡಲ್ಲ.

ಕೆಲಸ ಮಾತ್ರ ನಿಂತಿಲ್ಲ. ಭಾನುವಾರ ಅಂಗಡಿ ಮುಚ್ಚಬೇಕು, ಕ್ಯಾಷಿಯರ್‌ಗಳಿಗೂ ರಜೆ ಬೇಕು ಅಂತ ಇದೇ ಯೂನಿಯನ್ ಸಹಿ ಸಂಗ್ರಹ ಮಾಡಿ ಹಟ ಹಿಡಿದು 2018ರಿಂದ ಕಾನೂನೇ ಬಂತು. ನಮ್ಮ ಆಫೀಸಿನವರು ಬೈಕೋತಾರೆ, ಶನಿವಾರವೇ ಹಾಲು ಮೊಸರು ತಂದಿಡಬೇಕಲ್ಲ ಅಂತ.

ನಿವೃತ್ತ ಫಿಟ್ಟರ್:

ಬೈಕೊಳ್ಳಲಿ ಬಿಡಿ. 21ನೇ ಬೇಡಿಕೆಯಲ್ಲಿ ಶನಿವಾರ ಕೇಳಿದ್ದರು, ಈಗ ಅಂಗಡಿ ಹುಡುಗಿಯರಿಗೆ ಭಾನುವಾರ ಕೊಡಿಸಿದ್ದಾರೆ. ಬಾಲ್ಟಿಕ್ ಅವರೆ, ಆ ಹಲಗೆಗಳ ಫೋಟೊ ಸ್ವಲ್ಪ ದೊಡ್ಡದಾಗಿ ಹಾಕಿ, ನಮ್ಮ ಹಳೇ ಯೂನಿಯನ್ ಆಫೀಸಿನ ಹುಡುಗರಿಗೆ ತೋರಿಸಬೇಕು. ಅಕ್ಷರ ಓದೋಕೆ ಬರದಿದ್ದರೂ ಪರವಾಗಿಲ್ಲ, ಬೇಡಿಕೆ ಪಟ್ಟಿ ಅಂದರೆ ಹೇಗಿರಬೇಕು ಅಂತ ನೋಡಲಿ.